ಮಲಗಿಸಿದ ಕಾಲು

ಅಂಗಳದ ಫಲಕದ ಮೇಲೆ ಹಸಿರು ದೀಪ ಬೆಳಗಿದಾಗಲೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದವರು ನೀವೇ ಅಲ್ಲವೇ? ಆ ದೀಪಕ್ಕೆ ಯಾರ ಮೊಣಕಾಲಿನಿಂದ ಎಣ್ಣೆ ಹಿಂಡಿದ್ದಾರೆಂದು ಒಮ್ಮೆಯಾದರೂ ಕೇಳಿದ್ದೀರಾ?

ಕೇಳಿಲ್ಲ. ಕೇಳಿದ್ದರೆ ದಾಕ್ಷಾಯಣಿ ಹೂಗಾರಳ ಕಥೆಯನ್ನು ಹೀಗೆ ಬರೆಯುವ ಪ್ರಮೇಯ ಬರುತ್ತಿರಲಿಲ್ಲ.

ಮೊಣಕಾಲಿನೊಳಗೆ ತೊಡೆಯ ಎಲುಬನ್ನೂ ಕೆಳಗಾಲಿನ ಎಲುಬನ್ನೂ ಅತ್ತಿತ್ತ ಜಾರದಂತೆ ಬಿಗಿದಿಡುವ ಒಂದು ನಾರು ಇದೆ, ಕಿರುಬೆರಳಿಗಿಂತ ದಪ್ಪವೇನಲ್ಲ. ಓಡುತ್ತಿರುವವರು ತಟ್ಟನೆ ತಿರುಗಿದಾಗ ಅದು ಹರಿಯುವುದುಂಟು. ಹರಿದರೆ ವೈದ್ಯರು ಅದೇ ದೇಹದ ಬೇರೊಂದು ನಾರನ್ನು ತೆಗೆದು ಅಲ್ಲಿ ಕೂರಿಸುತ್ತಾರೆ. ಕೂರಿಸಿದ್ದು ಜೀವ ಹಿಡಿಯಬೇಕು, ಸೊರಗಿದ ಸ್ನಾಯು ಮತ್ತೆ ತುಂಬಿಕೊಳ್ಳಬೇಕು, ನೆಲವನ್ನು ನಂಬಲು ಮನಸ್ಸು ಮತ್ತೊಮ್ಮೆ ಕಲಿಯಬೇಕು. ಹಾಗಾದರೆ ಆಟಗಾರ್ತಿ ಅಂಗಳಕ್ಕೆ ಮರಳುವುದು ಯಾವಾಗ? ಬಹುಕಾಲ ಈ ಪ್ರಶ್ನೆಗೆ ಮನುಷ್ಯರೇ ಉತ್ತರ ಕೊಡುತ್ತಿದ್ದರು. ಅಂದರೆ ತರಬೇತುದಾರರ ಆತುರ, ವೈದ್ಯರ ಮುಲಾಜು, ಪ್ರಾಯೋಜಕರ ಒಂದು ಫೋನು ಉತ್ತರ ಕೊಡುತ್ತಿದ್ದವು. ಎಷ್ಟೋ ಮಕ್ಕಳು ಹಸಿ ಗಾಯದ ಮೇಲೆ ಓಡಿ ಜೀವಮಾನವಿಡೀ ಕುಂಟಿದರು.

ಆ ಅನ್ಯಾಯಕ್ಕೆ ಮದ್ದೆಂದು ಬಂದದ್ದು ಜೋಡಿಪಟ್ಟಿ. ಎರಡೂ ಮೊಣಕಾಲುಗಳ ಮೇಲ್ಭಾಗಕ್ಕೆ ಒಂದೊಂದು ಪಟ್ಟಿ, ಹಗಲಿರುಳು ಬಿಚ್ಚುವಂತಿಲ್ಲ. ಪ್ರತಿ ಹೆಜ್ಜೆಯಲ್ಲಿ ಪ್ರತಿ ಕಾಲು ನೆಲವನ್ನು ಎಷ್ಟು ಬಲವಾಗಿ ಒತ್ತಿತೆಂದು ಅವು ಅಳೆಯುತ್ತವೆ. ಚಿಕಿತ್ಸೆಯಾದ ಕಾಲಿನ ಬಲ ಒಳ್ಳೆಯ ಕಾಲಿನ ಬಲದ ನೂರರಲ್ಲಿ ಎಷ್ಟು ಪಾಲೆಂಬುದನ್ನು ಒಂದೇ ಅಂಕಿಯಲ್ಲಿ ಹೇಳುತ್ತವೆ. ಆ ಅಂಕಿಗೆ ಸಮತೆ ಎಂದು ಹೆಸರು. ತೊಂಬತ್ತು ಮುಟ್ಟಿದರೆ ಹಸಿರು ದೀಪ. ಹಸಿರು ಬಂದವರನ್ನು ತಡೆಯುವ ಅಧಿಕಾರ ಯಾರಿಗೂ ಇಲ್ಲ, ಬಾರದವರನ್ನು ಆಡಿಸುವ ಅಧಿಕಾರವೂ ಯಾರಿಗೂ ಇಲ್ಲ. ಶಿಫಾರಸು ಸತ್ತಿತೆಂದು ನಾಡು ಹಿಗ್ಗಿತು. ಕಾನೂನಿನ ಕೊನೆಯಲ್ಲಿ ಒಂದು ಸಣ್ಣ ಕಲಮು ಉಳಿಯಿತು: ಎರಡೂ ಕಾಲುಗಳ ಮೂಲಬಲ ಗುಪ್ತವಾಗಿರತಕ್ಕದ್ದು, ಪಂದ್ಯ ನಡೆಯುವಾಗ ಪ್ರೇಕ್ಷಕರಲ್ಲಿ ನೂರು ಮಂದಿ ಕೋರಿದರೆ ಮಾತ್ರ ಅದನ್ನು ಫಲಕದ ಮೇಲೆ ತೋರಿಸಿ, ತೀರ್ಪನ್ನು ಮರಳಿ ಪರಿಶೀಲಿಸತಕ್ಕದ್ದು. ಆ ಕೋರಿಕೆ ಬಂದದ್ದೇ ಇಲ್ಲ. ಒಂದು ಅಂಕಿ ಸುಲಭವಾಗಿ ಸಿಕ್ಕಿರುವಾಗ ಎರಡನ್ನು ಕೇಳುವ ತೊಂದರೆ ಯಾರಿಗೆ ಬೇಕು?

ಈ ಹಸಿರು ದೀಪಗಳಿಗೆ ಮುದ್ರೆ ಒತ್ತುವ ಹುಬ್ಬಳ್ಳಿಯ ಮರಳುವಿಕೆ ನಿರ್ಣಯ ಕೇಂದ್ರದಲ್ಲಿ ಕಸ್ತೂರಿ ಹೂಗಾರ ಹಿರಿಯ ಅಧಿಕಾರಿ. ಸ್ನಾಯುಗಳ ವಿಷಯದಲ್ಲಿ ಡಾಕ್ಟರೇಟು ಪಡೆದವಳು, ಮದುವೆಯಾಗದೆ ಅಣ್ಣನ ಮನೆಯಲ್ಲಿಯೇ ಉಳಿದವಳು. ದಾಕ್ಷಾಯಣಿ ಅವಳ ಅಣ್ಣನ ಮಗಳು. ಖೋ ಖೋ ಆಟದಲ್ಲಿ ಕಂಬ ಹಿಡಿದು ಗಿರಕ್ಕನೆ ತಿರುಗಿ ಜಿಗಿಯುವುದರಲ್ಲಿ ಜಿಲ್ಲೆಗೇ ಹೆಸರಾದವಳು. ಅಂಥದೊಂದು ಜಿಗಿತದಲ್ಲಿಯೇ ಬಲಮೊಣಕಾಲಿನ ನಾರು ಹರಿದಿತ್ತು. ಶಸ್ತ್ರಚಿಕಿತ್ಸೆಯಾದ ಮೇಲೆ ಕ್ರೀಡಾವಸತಿಯಿಂದ ಮನೆಗೆ ಬಂದಿದ್ದಳು.

ಆ ಮನೆಯ ಪಡಸಾಲೆಯಲ್ಲಿ ನೆಲ ಕಾಣುತ್ತಿರಲಿಲ್ಲ, ಸೇವಂತಿಗೆಯೇ ಕಾಣುತ್ತಿತ್ತು. ಅಣ್ಣ ಪೇಟೆಯ ಅಂಗಡಿಯಲ್ಲಿದ್ದರೆ ಅವನ ಹೆಂಡತಿ, ವೈನಿ ಶಂಕ್ರವ್ವ, ಮನೆಯಲ್ಲಿ ಹೂವು ಕಟ್ಟುವಳು. ಹೂವು ಕಟ್ಟುವವರು ದಾರದ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಬಿಗಿದು, ಕಾಲು ಚಾಚಿ ಕೂರುತ್ತಾರೆ. ದಾರ ಬಿಗಿಯಾಗಿದ್ದರೆ ಗಂಟು ನೆಟ್ಟಗೆ ಬೀಳುತ್ತದೆ. ದಾಕ್ಷಾಯಣಿ ಮನೆಗೆ ಬಂದಾಗಿನಿಂದ ಆ ದಾರ ತಾಯಿಯ ಹೆಬ್ಬೆರಳನ್ನು ಬಿಟ್ಟು ಮಗಳ ಹೆಬ್ಬೆರಳಿಗೆ ಬಂದಿತ್ತು. ಎಡಗಾಲನ್ನು, ಅಂದರೆ ಒಳ್ಳೆಯ ಕಾಲನ್ನು, ಚಾಚಿಕೊಂಡು ಹುಡುಗಿ ಹೊತ್ತುಗಟ್ಟಲೆ ಗೂಟದಂತೆ ಕೂರುತ್ತಿದ್ದಳು. ನಡೆಯಬೇಕಾದಾಗ ಭಾರವನ್ನೆಲ್ಲ ಬಲಗಾಲಿನ ಮೇಲೆಯೇ ಹಾಕುವಳು. ಎಂಥ ಧೈರ್ಯವೆಂದು ಕಸ್ತೂರಿ ಮನಸ್ಸಿನಲ್ಲಿಯೇ ಮೆಚ್ಚಿಕೊಂಡಿದ್ದಳು.

“ಅತ್ತಿ, ಇವತ್ತಿನ ಅಂಕಿ ನೋಡಿದಿ?” ಕೆಲಸದಿಂದ ಬಂದವಳನ್ನು ದಾಕ್ಷಾಯಣಿ ಬಾಗಿಲಲ್ಲಿಯೇ ಕೇಳಿದಳು.

“ನೋಡಿದೆ. ಎಂಬತ್ತಾರು. ಇಷ್ಟ ಲಗೂ ಯಾರದೂ ಏರಿಲ್ಲ.”

“ಹೂಗಾರರ ಕಾಲು ಅತ್ತಿ. ದೇವರ ತಲಿ ಮ್ಯಾಲೆ ಏರೂ ಮಂದಿ ನಾವು.”

“ದೇವರ ತಲಿ ಮ್ಯಾಲೆ ಹೂವು ಏರತೈತಿ, ಹೂಗಾರರಲ್ಲ,” ಎಂದಳು ಶಂಕ್ರವ್ವ, ಗಂಟಿನಿಂದ ಕಣ್ಣೆತ್ತದೆ. “ಸುಮ್ಮ ಕುಂಡ್ರು. ಕಾಲು ಅಲುಗಿಸಿದ್ರ ದಾರ ಸಡ್ಲ ಆಗತೈತಿ.”

ಕಸ್ತೂರಿ ನಕ್ಕು ಒಳಗೆ ಹೋದಳು. ತಾಯಿಗೆ ನೆರವಾಗುವ ಮಗಳು, ದಿನೇ ದಿನೇ ಏರುವ ಅಂಕಿ: ಆ ದಿನಗಳಲ್ಲಿ ಅವಳಿಗೆ ಮನೆಗೆ ಬರುವುದೇ ಒಂದು ಹಬ್ಬವಾಗಿತ್ತು. ಕಣ್ಣೆದುರಿಗೇ ಕಟ್ಟುತ್ತಿದ್ದದ್ದು ಏನೆಂದು ಸ್ನಾಯುಶಾಸ್ತ್ರ ಓದಿದ ಕಣ್ಣಿಗೆ ಕಾಣಲಿಲ್ಲ. ಮನೆಯವರ ಮೇಲಿನ ಮಮತೆಯೂ ಒಂದು ಬಗೆಯ ಪೊರೆಯೇ.

ಕೇಂದ್ರದ ನಿಯಂತ್ರಣ ಕೊಠಡಿಯಲ್ಲಿ ಗೋಡೆಯ ತುಂಬ ಹೆಸರುಗಳು, ಹೆಸರಿಗೊಂದು ದೀಪ. ಉಳಿದ ಊರುಗಳ ಅಂಕಿಗಳು ಬಸವನಹುಳುವಿನಂತೆ ತೆವಳುತ್ತಿದ್ದರೆ, ದಾಕ್ಷಾಯಣಿ ಇದ್ದ ಕ್ರೀಡಾವಸತಿಯ ಹುಡುಗಿಯರ ಅಂಕಿಗಳು ಮಾತ್ರ ಮರವೇರುವ ಅಳಿಲಿನಂತೆ ಸರಸರನೆ ಏರುತ್ತಿದ್ದವು.

“ಆ ಮುದಗಲ್ ಮಾಸ್ತರ ಹುಡುಗ್ಯಾರಿಗೆ ಏನ ತಿನ್ನಸ್ತಾನೋ,” ಎಂದರು ನಿರ್ದೇಶಕ ಇನಾಮದಾರರು, ಆ ವಸತಿಯ ತರಬೇತುದಾರರನ್ನು ನೆನೆದು. “ನನಗೂ ಒಂದೀಟ ಕೊಟ್ರ ಈ ಮೆಟ್ಟಲಾ ಹತ್ತೂದರ ಹಗುರ ಆಗತಿತ್ತು.”

“ಸರ್, ಮೂಲಬಲ ಒಮ್ಮೆ ನೋಡಬಹುದೇನು?”

“ಪ್ರೇಕ್ಷಕರು ನೂರು ಮಂದಿ ಕೇಳಲಿ, ತೆರಿಯೂಣು. ನೀವು ನಾನು ಕೇಳಿದ್ರ ಬೀಗ ತೆರಿಯಂಗಿಲ್ಲ. ಯಾಕ್ರಿ, ಸಂಶಯೇನು?”

“ಸಂಶಯ ಅಲ್ಲ, ಕುತೂಹಲ.”

“ಕುತೂಹಲ ಕೆಲಸಕ್ಕ ಸೇರೂ ಮುಂಚೆ ಇರಬೇಕ್ರಿ. ಈಗ ನಮ್ಮದು ಏನಿದ್ರೂ ಮುದ್ರಿ ಒತ್ತೂದು.”

ಕಸ್ತೂರಿ ಸುಮ್ಮನಾದಳು. ತಿಳಿದವರು ಸುಮ್ಮನಾಗುವ ಆ ಒಂದು ಗಳಿಗೆಯಲ್ಲಿ ಎಷ್ಟು ಅನರ್ಥಗಳು ಬೀಜ ಬಿಡುತ್ತವೆಂಬುದನ್ನು ಶಾಲೆಯಲ್ಲಿ ಯಾರೂ ನಮಗೆ ಕಲಿಸುವುದಿಲ್ಲ.

ಪಂದ್ಯಾವಳಿಗೆ ಇನ್ನೊಂದು ವಾರವಿದೆ ಎನ್ನುವಾಗ ದಾಕ್ಷಾಯಣಿಯ ಅಂಕಿ ತೊಂಬತ್ತು ಮುಟ್ಟಿತು. ದೀಪ ಹಸಿರಾಯಿತು. ಕಸ್ತೂರಿ ತನ್ನ ಕೈಯಾರೆ ಮುದ್ರೆ ಒತ್ತಿ, ಪೇಢೆ ಕಟ್ಟಿಸಿಕೊಂಡು ಮನೆಗೆ ಬಂದಳು. ಶಂಕ್ರವ್ವ ಆಗಲೇ ಆರತಿಯ ತಟ್ಟೆ ಸಿದ್ಧಮಾಡಿದ್ದಳು.

“ಏಳ ಮಗಳ, ಆರತಿ ಮಾಡತೀನಿ. ದೃಷ್ಟಿ ಆಗಿದ್ರ ಹೋಗಲಿ.”

ದಾಕ್ಷಾಯಣಿ ಹೆಬ್ಬೆರಳಿನ ದಾರ ಬಿಚ್ಚಿ, ಗೋಡೆ ಹಿಡಿದು ಎದ್ದಳು. ಎದ್ದು ನಿಂತವಳ ಎಡಗಾಲು ನಡುಗಿತು. ಆಗತಾನೆ ಹುಟ್ಟಿದ ಕರುವಿನ ಕಾಲು ನಡುಗುವ ಹಾಗೆ, ಮೊಣಕಾಲಿನಿಂದ ಮೇಲಕ್ಕೆ ಅಲೆಯೆದ್ದಂತೆ ನಡುಗಿತು. ಎಡಗಾಲು! ಕತ್ತರಿ ಮುಟ್ಟದ, ಹೊಲಿಗೆ ಕಾಣದ ಕಾಲು.

ಕಸ್ತೂರಿ ಪೇಢೆಯ ಪೊಟ್ಟಣವನ್ನು ಹೂವಿನ ಮೇಲೆಯೇ ಬಿಟ್ಟು ಹುಡುಗಿಯ ಮುಂದೆ ಕುಳಿತಳು. ಎಡಗಾಲಿನ ಪಟ್ಟಿಯ ಕೊಕ್ಕೆ ಮೂರನೆಯ ತೂತಿನಲ್ಲಿತ್ತು. ಕೊನೆಯ ತೂತಿನ ಸುತ್ತ ಪಟ್ಟಿ ಸವೆದು, ಮಡಿಕೆ ಬಿದ್ದು, ಬೆಳ್ಳಗಾಗಿತ್ತು. ಒಂದು ಕಾಲದಲ್ಲಿ ಆ ತೊಡೆ ಪಟ್ಟಿಯ ಕೊನೆಯ ತೂತಿನವರೆಗೆ ತುಂಬಿತ್ತು. ಈಗ ಬತ್ತಿ ಇಷ್ಟಾಗಿದೆ.

“ದಾಕ್ಷಾಯಣಿ, ಇದು ಮೊದಲ ಎಲ್ಲಿತ್ತು?”

ಹುಡುಗಿ ಅಂಗೈಯಿಂದ ಆ ತೂತನ್ನು ಮುಚ್ಚಿದಳು.

“ಒಳ್ಳೆ ಕಾಲು ಯಾಕ ಬತ್ತೈತಿ? ನನ್ನ ಮಾರಿ ನೋಡಿ ಹೇಳು.”

“ಎಲ್ಲಾರೂ ಮಾಡತಾರ ಅತ್ತಿ,” ಎಂದಳು ಕೊನೆಗೆ. “ವಸತಿಯೊಳಗ ಇದಕ್ಕ ಕಾಲು ಮಲಗಸೂದು ಅಂತಾರ. ಯಂತ್ರ ಬಲ ಕೇಳಂಗಿಲ್ಲ, ಸಮ ಕೇಳತೈತಿ ಅಂತ ಮಾಸ್ತರು ಹೇಳ್ಯಾರ. ಸಮ ಮಾಡಾಕ ದಾರಿ ಎರಡ ಅದಾವು. ಬಿದ್ದ ಕಾಲು ಏರಸೂದು ತಡ. ನಿಂತ ಕಾಲು ಇಳಸೂದು ಲಗೂ.”

ಶಂಕ್ರವ್ವನ ಕೈಯಲ್ಲಿ ಆರತಿ ಹಾಗೆಯೇ ಉರಿಯುತ್ತಿತ್ತು. “ನನಗ ಹಂಗ ಹೇಳಿದ್ದಿಲ್ಲಲ್ಲ ನೀ,” ಎಂದಳು ಮಗಳಿಗೆ. ಬಳಿಕ ನಾದಿನಿಯ ಕಡೆ ತಿರುಗಿದಳು. “ಒಳ್ಳೆ ಕಾಲು ಎರಡರ ಕೆಲಸ ಮಾಡಿ ದಣದೈತಿ, ಅದಕ್ಕ ಆರಾಮ ಬೇಕು ಅಂದ್ಳು. ದಣದವರಿಗೆ ಕುಂಡ್ರು ಅನ್ನೂದು ತಪ್ಪೇನು, ಕಸ್ತೂರಿ? ನಾನ ನನ್ನ ಕೈಯಾರ ದಾರ ಕಟ್ಟೀನಿ. ಅಲುಗಿಸಬ್ಯಾಡ ಅಂತ ಬೈದೀನಿ.”

ಕಸ್ತೂರಿ ವೈನಿಯ ಕೈಯಿಂದ ಆರತಿ ತೆಗೆದು ಕೆಳಗಿಟ್ಟು, ಹುಡುಗಿಯ ಕಡೆ ತಿರುಗಿದಳು.

“ಆಡಬ್ಯಾಡ,” ಎಂದಳು ಕಸ್ತೂರಿ. “ಈಗ ನಿನಗ ಇರೂವು ಎರಡೂ ಅರ್ಧ ಕಾಲು. ಕಂಬದಿಂದ ಜಿಗಿದು ಇಳಿಯೂದು ಎಡಗಾಲ ಮ್ಯಾಲೆ. ಅದು ತಡಿಯಂಗಿಲ್ಲ.”

“ಈ ಹಂಗಾಮು ತಪ್ಪಿದ್ರ ವಸತಿ ಬಿಡಬೇಕು, ಅತ್ತಿ. ಖೋ ಖೋ ಬಿಟ್ರ ನನಗ ಏನ ಬರತೈತಿ? ಹೂವು ಕಟ್ಟಾಕನೂ ನೆಟ್ಟಗ ಬರಂಗಿಲ್ಲ, ಅವ್ವನ ಕೇಳು.” ಬಿಚ್ಚಿದ ದಾರವನ್ನು ಅವಳು ಬೆರಳಿಗೆ ಸುತ್ತಿಕೊಂಡಳು. “ನಾ ಆಡಲಿಲ್ಲಂದ್ರ ನನ್ನ ಚೌಕದಾಗ ನಮ್ಮ ವಸತಿಯ ರತ್ನಪ್ರಭಾ ಕುಂಡರತಾಳ. ಆಕೀ ಕಾಲೂ ಮಲಗೇದ. ನನ್ನನ್ನ ಉಳಿಸಿ ಆಕೀನ್ನ ನೂಕತೀಯೇನು?”

ಮರುದಿನ ಕಸ್ತೂರಿ ಇನಾಮದಾರರ ಮೇಜಿನ ಮುಂದೆ ನಿಂತು ಎಲ್ಲವನ್ನೂ ಹೇಳಿದಳು. ಅವರು ಕೇಳಿದರು, ಕನ್ನಡಕ ತೆಗೆದು ಒರೆಸಿದರು. ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಈ ಕಥೆ ಸುಲಭವಾಗುತ್ತಿತ್ತು.

“ತಕ್ಕಡಿಯ ಎರಡೂ ತಟ್ಟೆ ಬರಿದಾದರೂ ಮುಳ್ಳು ನೆಟ್ಟಗೇ ನಿಲ್ಲತೈತಿ, ಸರ್. ನಾವು ಮುಳ್ಳು ನೋಡಿ ಮುದ್ರಿ ಒತ್ತಾಕತ್ತೀವಿ. ಆ ವಸತಿಯ ದೀಪ ಎಲ್ಲಾ ಆರಸ್ರಿ.”

“ಹೆಂಗ ಆರಸಲಿ? ಮನುಷ್ಯರ ಕೈ ಮುಟ್ಟಬಾರದು ಅಂತನ ಈ ಯಂತ್ರ ತಂದದ್ದು. ಆಕಿ ನಿಮ್ಮ ಅಣ್ಣನ ಮಗಳು. ನೀವು ಆಡಸ್ರಿ ಅಂದ್ರೂ ಶಿಫಾರಸು, ತಡೀರಿ ಅಂದ್ರೂ ಶಿಫಾರಸು. ನಾಳೆ ಪೇಪರಿನವರು ಏನ ಬರೀತಾರ? ಹಂಗಾಮು ಮುಗೀಲಿ, ಸಮಿತಿ ಮಾಡೂಣು.”

“ಹಂಗಾಮು ಮುಗಿಯೂದರಾಗ ಕಾಲು ಮುಗೀತಾವು.”

“ಕಸ್ತೂರಿಯವರ, ನಿಮಗ ಒಂದ ದಾರಿ ಐತಿ. ಕಾನೂನಿನಾಗನ ಐತಿ. ನೂರು ಮಂದಿ ಕೇಳಲಿ. ಮೂಲಬಲ ಫಲಕದ ಮ್ಯಾಲೆ ಬಂತಂದ್ರ ಆ ಕ್ಷಣಾನ ಆಟ ನಿಲ್ಲಸೂ ಅಧಿಕಾರ ನಿಮಗ. ನಾ ಅಡ್ಡ ಬರಂಗಿಲ್ಲ.”

ನೂರು ಮಂದಿ! ಅಂಗಳಕ್ಕೆ ಬರುವವರು ಸಾವಿರಾರು. ಫೋನಿನ ಮೇಲೆ ಒಂದು ಗುಂಡಿ ಒತ್ತಿದರಾಯಿತು. ಕಸ್ತೂರಿಯ ಎದೆಯಲ್ಲಿ ಆಸೆ ಮೊಳೆಯಿತು. ಮನುಷ್ಯರನ್ನು ನಂಬಿದ ತಪ್ಪು ಅವಳದು.

ಅಧಿಕಾರಿಯಾದ ಅವಳು ಪ್ರೇಕ್ಷಕರನ್ನು ಬೇಡುವಂತಿರಲಿಲ್ಲ. ಪಂದ್ಯದ ಹೊತ್ತಿಗೆ ಅಂಗಳದ ಪಕ್ಕದಲ್ಲಿಯೇ ಇದ್ದ ಕೇಂದ್ರದ ಕೊಠಡಿಯಲ್ಲಿರಬೇಕು. ಬೇಡಲು ಹೊರಟವಳು ಶಂಕ್ರವ್ವ. ಮನೆಯಲ್ಲಿದ್ದ ಮಲ್ಲಿಗೆ, ಅಬ್ಬಲಿಗೆ, ಸೇವಂತಿಗೆಯನ್ನೆಲ್ಲ ಕಟ್ಟಿ, ಬುಟ್ಟಿ ತಲೆಯ ಮೇಲಿಟ್ಟುಕೊಂಡು ಮೆಟ್ಟಿಲುಸಾಲುಗಳನ್ನು ಹತ್ತಿದಳು. ಪ್ರತಿಯೊಬ್ಬರಿಗೂ ಒಂದು ತುಂಡು ಹೂವು, ಒಂದು ಮಾತು. ಕಸ್ತೂರಿ ಪರದೆಯಲ್ಲಿ ಅದನ್ನು ಕಾಣುತ್ತಿದ್ದಳು. ಕೊಠಡಿಗೆ ದನಿಯೂ ಕೇಳಿಬರುತ್ತಿತ್ತು.

“ಅಕ್ಕಾರ, ಹೂವು ಮುಡೀರಿ. ಫೋನಿನಾಗ ಒಂದ ಗುಂಡಿ ಒತ್ರಿ. ನನ್ನ ಮಗಳ ಎರಡೂ ಕಾಲಿನ ಬಲ ತೋರಸ್ರಿ ಅಂತ ಕೇಳ್ರಿ.”

“ಹಸರು ಬಂದೇತಲ್ಲಬೇ, ಮತ್ತೇನ ಕೇಳೂದು?”

“ಆಟ ಚಾಲೂ ಆತು, ಮುಂದ ಸರಿ ಯವ್ವಾ. ಬುಟ್ಟಿ ಅಡ್ಡ ಬರಾಕತ್ತೈತಿ.”

“ಮಗಳು ಗೆದ್ದರ ಆಮ್ಯಾಲ ಕೇಳೂಣು.”

ಕೆಲವರು ಒತ್ತಿದರು. ಕೊಠಡಿಯ ಮೂಲೆಯ ಪರದೆಯಲ್ಲಿ ಕೋರಿಕೆಗಳ ಲೆಕ್ಕ ಹತ್ತು ದಾಟಿತು, ಇಪ್ಪತ್ತು ದಾಟಿತು. ಇನಾಮದಾರರು ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡರು.

“ನಿಮ್ಮ ವೈನಿ ಮುಂದಿನ ಚುನಾವಣಿಗೆ ನಿಲ್ಲತಾರೇನ್ರಿ?” ಎಂದವರು, ಕಸ್ತೂರಿಯ ಮುಖ ಕಂಡು ಮಾತು ನುಂಗಿದರು.

ಅಂಗಳದಲ್ಲಿ ಹುಡುಗಿಯರು ಸಾಲಾಗಿ ಚೌಕಗಳಲ್ಲಿ ಕುಳಿತಿದ್ದರು. ಬೆನ್ನ ಮೇಲೆ ಕೈ ಬಡಿದು “ಖೋ” ಎಂದೊಡನೆ ಕುಳಿತವಳು ಚಿಮ್ಮಿ ಓಡಬೇಕು. ದಾಕ್ಷಾಯಣಿ ಚಿಮ್ಮಿದಳು. ಮೊದಲ ಸಲ ಚಿಮ್ಮಿದಾಗ ಮೈದಾನ ಎದ್ದು ನಿಂತಿತು. ಹೂವು ಪಡೆದವರೂ ಎದ್ದು ನಿಂತರು. ಹೂವು ಮುಡಿಯಲ್ಲಿತ್ತು, ಎರಡೂ ಕೈಗಳು ಚಪ್ಪಾಳೆಯಲ್ಲಿದ್ದವು, ಫೋನು ಜೇಬಿನಲ್ಲಿತ್ತು. ನಲವತ್ತೊಂದು ಎಂಬಲ್ಲಿಗೆ ಲೆಕ್ಕ ನಿಂತಿತು.

“ಒತ್ರಿ,” ಎಂದಳು ಕಸ್ತೂರಿ ಗಾಜಿನ ಪರದೆಗೆ. “ಒತ್ರಿ, ನಿಮ್ಮ ಕಾಲಿಗೆ ಬೀಳತೀನಿ.” ಪರದೆಗೆ ಕಿವಿಯಿರಲಿಲ್ಲ.

ಶಂಕ್ರವ್ವನ ಬುಟ್ಟಿ ಬರಿದಾಗಿತ್ತು. ಬರಿ ಕೈಯನ್ನೇ ಚಾಚಿ ಸಾಲಿನಿಂದ ಸಾಲಿಗೆ ಹೋಗುತ್ತಿದ್ದವಳನ್ನು ಯಾರೋ ಭುಜ ಹಿಡಿದು ಕೂರಿಸಿದರು.

ಕೊನೆಯ ಸರದಿಯಲ್ಲಿ ಎದುರಾಳಿ ಹುಡುಗಿ ಕಂಬದತ್ತ ಓಡಿದಳು. ದಾಕ್ಷಾಯಣಿ ಬೆನ್ನಟ್ಟಿದಳು. ಕಂಬಕ್ಕೆ ಕೈ ಹಾಕಿ, ಮೈಯನ್ನು ಗಾಳಿಗೆಸೆದು, ಎದುರಾಳಿಯ ಹಿಮ್ಮಡಿ ಮುಟ್ಟಿ, ಎಡಗಾಲ ಮೇಲೆ ಇಳಿದಳು.

ಕಾಲು ಅವಳನ್ನು ಹೊರಲಿಲ್ಲ. ಮೊಣಕಾಲು ಒಳಮುಖವಾಗಿ ಕುಸಿಯಿತು. ಒಣಕಡ್ಡಿ ಮುರಿದಂಥ ಸದ್ದು ಕೊಠಡಿಯವರೆಗೂ ಕೇಳಿಸಿತು.

ಆದರೆ ಅಂಕ ಬಂದಿತ್ತು, ತಂಡ ಗೆದ್ದಿತ್ತು. ಅವಳು ಎಡಗಾಲನ್ನು ಎತ್ತಿ ಹಿಡಿದು, ಕಂಬವನ್ನಪ್ಪಿ, ಬಲಗಾಲೊಂದನ್ನೇ ಊರಿ ಏಳಲು ಹೆಣಗಿದಳು. ಪಟ್ಟಿಗಳು ತಮ್ಮ ಕೆಲಸವನ್ನು ಪ್ರಾಮಾಣಿಕವಾಗಿ ಮಾಡಿದವು: ಹರಿದ ಎಡಗಾಲು ನೆಲವನ್ನು ಒತ್ತಲಾರದು, ಬಲಗಾಲು ಒತ್ತುತ್ತಿದೆ. ಬಲಗಾಲಿನ ಪಾಲು ನೂರನ್ನು ದಾಟಿತು, ನೂರ ನಲವತ್ತನ್ನೂ ದಾಟಿತು. ಹಿಂದೆಂದೂ ಯಾರೂ ಕಾಣದ ಸಮತೆ! ದೊಡ್ಡ ಫಲಕದ ಮೇಲೆ ಹಸಿರು ದೀಪ ಹಿಂದೆಂದಿಗಿಂತ ಪ್ರಖರವಾಗಿ ಬೆಳಗಿತು. ಪ್ರೇಕ್ಷಕರು ಫಲಕವನ್ನು ನೋಡಿದರು. ಎಂಥ ಮರಳುವಿಕೆ ಎಂದು ಕೊಂಡಾಡಿದರು. ಕಂಬವನ್ನಪ್ಪಿ ಕೂಗುತ್ತಿದ್ದ ಹುಡುಗಿಯ ದನಿ ಚಪ್ಪಾಳೆಯಲ್ಲಿ ಮುಳುಗಿತು.

ಕಸ್ತೂರಿ ಕೊಠಡಿಯಿಂದ ಅಂಗಳಕ್ಕೆ ಓಡಿದಳು. ಓಡುತ್ತ ಅವಳು ನೋಡಿದ್ದು ಒಂದನ್ನೇ: ಸಾವಿರಾರು ಮುಖಗಳಲ್ಲಿ ನೆಲದ ಕಡೆ ತಿರುಗಿದ್ದ ಮುಖ ಶಂಕ್ರವ್ವನದೊಂದೇ.

ಈಗ ಆ ಪಡಸಾಲೆಯಲ್ಲಿ ದಾಕ್ಷಾಯಣಿ ಎರಡೂ ಕಾಲುಗಳನ್ನು ಚಾಚಿ ಕೂರುತ್ತಾಳೆ. ಊರುಗೋಲಿಲ್ಲದೆ ನಡೆಯುವ ದಿನ ಬರಬಹುದೆನ್ನುತ್ತಾರೆ ವೈದ್ಯರು. ಓಡುವ ದಿನದ ಮಾತೆತ್ತುವುದಿಲ್ಲ. ಶಂಕ್ರವ್ವ ದಾರವನ್ನು ಮತ್ತೆ ತನ್ನ ಹೆಬ್ಬೆರಳಿಗೇ ಕಟ್ಟಿಕೊಂಡಿದ್ದಾಳೆ.

“ನನ್ನ ಬೆರಳಿಗೆ ಕಟ್ಟವ್ವ,” ಎಂದಳಂತೆ ಮಗಳು ಒಂದು ದಿನ. “ಇನ್ನ ಅದು ಅಲುಗಂಗಿಲ್ಲ.”

ತಾಯಿ ಆ ದಿನ ಹೂವು ಕಟ್ಟಲಿಲ್ಲ.

ಕಸ್ತೂರಿ ಕೇಂದ್ರದ ಕೆಲಸ ಬಿಟ್ಟಿದ್ದಾಳೆ. ಈಗ ಅವಳಿಗೆ ಬೇಡುವ ಸ್ವಾತಂತ್ರ್ಯವಿದೆ. ಮೆಟ್ಟಿಲುಸಾಲುಗಳಲ್ಲಿ ವೈನಿಯ ಜೊತೆ ಅವಳೂ ಕೈಚಾಚುತ್ತಾಳೆ. ಒಮ್ಮೆ ಐವತ್ತಾರು ಮಂದಿ ಒತ್ತಿದರು, ಒಮ್ಮೆ ಎಪ್ಪತ್ತು. ಮುದಗಲ್ ಮಾಸ್ತರರಿಗೆ ಈ ವರ್ಷದ ಉತ್ತಮ ತರಬೇತುದಾರರೆಂಬ ಸನ್ಮಾನವಾಯಿತು. ಸಮಿತಿ ಇನ್ನೂ ರಚನೆಯಾಗಿಲ್ಲ. ದಾಕ್ಷಾಯಣಿಯ ಚೌಕ ಇನ್ನು ರತ್ನಪ್ರಭಾಳದು. ಅವಳ ದೀಪವೂ ಹಸಿರಾಗಿದೆ. ಬರುವ ಭಾನುವಾರ ಅವಳ ಮೊದಲ ಪಂದ್ಯ.

ನೀವು ಅಂದು ಆ ಸಾಲಿನಲ್ಲಿದ್ದಿರೋ ಇಲ್ಲವೋ ನಾನು ಕೇಳುವುದಿಲ್ಲ. ನಿಮ್ಮ ಮುಡಿಯಲ್ಲಿ ಹೂವಿತ್ತೇ ಎಂದೂ ಕೇಳುವುದಿಲ್ಲ. ಭಾನುವಾರ ದೀಪ ಬೆಳಗಿದಾಗ ನಿಮ್ಮ ಕೈಗಳನ್ನು ಒಂದು ಕ್ಷಣ ಚಪ್ಪಾಳೆಯಿಂದ ಬಿಡಿಸಿಕೊಳ್ಳಿ. ಇನ್ನೊಂದು ಕಾಲಿನ ಬಲವೆಷ್ಟು ಎಂದು ಕೇಳಿ. ಗುಂಡಿ ಒತ್ತಿ, ಪಕ್ಕದವರಿಂದಲೂ ಒತ್ತಿಸಿ. ನೂರು ಮಂದಿ ಬೇಕು. ದಯಮಾಡಿ, ಅವರಲ್ಲಿ ಒಬ್ಬರು ನೀವಾಗಿ.